ಉತ್ತರ ಹೇಳಬೇಕಾದವರು ಯಾರು?

ಸಂಸದೀಯ ಪ್ರಜಾಪ್ರಭುತ್ವದಲ್ಲಿ ಸರ್ಕಾರ ನಡೆಸುವವರು ಅನೇಕರು. ಉತ್ತರ ಹೇಳುವವರು ಕೆಲವರು ಮಾತ್ರ. ಕಡತಕ್ಕೆ ಟಿಪ್ಪಣಿ ಬರೆಯುವ ಕಾರ್ಯದರ್ಶಿ, ಗಡಿಯ ನಕ್ಷೆ ಹರಡಿಕೊಂಡು ಕೂರುವ ಸೇನಾಧಿಕಾರಿ, ಪ್ರಧಾನಿಯ ಕೋಣೆಗೆ ಹೇಳದೆ ಕೇಳದೆ ಹೋಗಬಲ್ಲ ಆಪ್ತ ಸಹಾಯಕ ಇವರೆಲ್ಲರ ಮಾತೂ ಆಡಳಿತದಲ್ಲಿ ನಡೆಯುತ್ತದೆ. ಆದರೆ ಸದನದಲ್ಲಿ ಎದ್ದು ನಿಂತು ಮಾತನಾಡುವ ಅಧಿಕಾರವಾಗಲಿ, ಬಾಧ್ಯತೆಯಾಗಲಿ ಇವರಿಗಿಲ್ಲ. ಇವರ ಪರವಾಗಿ ಉತ್ತರಿಸಬೇಕಾದವರು ಸಚಿವರು. ಮಂತ್ರಿಮಂಡಲವು ಸಾಮೂಹಿಕವಾಗಿ ಲೋಕಸಭೆಗೆ ಹೊಣೆ ಎಂದು ಸಂವಿಧಾನದ 75ನೇ ವಿಧಿ ಹೇಳುವುದರ ತಾತ್ಪರ್ಯ ಇದೇ.

ಸಲಹೆ ಕೊಡುವವರು ಒಬ್ಬರು, ಉತ್ತರ ಕೊಡುವವರು ಇನ್ನೊಬ್ಬರು ಎಂಬ ಈ ಏರ್ಪಾಡು ಸುಗಮವಾಗಿ ನಡೆಯಬೇಕಾದರೆ ಉತ್ತರ ಪೂರ್ಣವಾಗಿರಬೇಕು. ಅರ್ಧ ಉತ್ತರ ದೊರೆತರೆ ಏನಾಗುತ್ತದೆ ಎಂಬುದಕ್ಕೆ ಸ್ವತಂತ್ರ ಭಾರತದ ಚರಿತ್ರೆಯಲ್ಲಿ 1959ರಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದಿಲ್ಲ. ಆ ಒಂದೇ ವರ್ಷದಲ್ಲಿ ಸಂಸತ್ತು ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಮೂರು ವಿಷಯಗಳ ಬಗ್ಗೆ ಬಿಡದೆ ಪ್ರಶ್ನಿಸಿತು. ಮೊದಲನೆಯದು ಅವರ ಆಪ್ತ ಸಹಾಯಕನ ವಿಷಯ. ಎರಡನೆಯದು ಲಡಾಖಿನಲ್ಲಿ ಚೀನಾ ಹಾಕಿದ ರಸ್ತೆ. ಮೂರನೆಯದು ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ ಅವರ ರಾಜೀನಾಮೆ.

ಪ್ರಶ್ನೆಯ ಹಕ್ಕು ಬಂದ ಬಗೆ

ಜನಪ್ರತಿನಿಧಿ ಪ್ರಶ್ನೆ ಕೇಳುವುದು ಇಂದು ಸಹಜವಾಗಿ ಕಾಣುತ್ತದೆ. ಆದರೆ ಈ ಹಕ್ಕು ಒಮ್ಮೆಗೇ ದಕ್ಕಿದ್ದಲ್ಲ. ಬ್ರಿಟಿಷರ ಕಾಲದ ಶಾಸನಸಭೆಯಲ್ಲಿ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಸಿಕ್ಕಿದ್ದು 1892ರ ಕಾಯಿದೆಯಿಂದ. ಆಗ ಸರ್ಕಾರ ಕೊಟ್ಟ ಉತ್ತರವನ್ನು ಕೇಳಿ ಸುಮ್ಮನಾಗಬೇಕಿತ್ತು, ಮರುಪ್ರಶ್ನೆಗೆ ಎಡೆಯಿರಲಿಲ್ಲ. ಪ್ರಶ್ನೆ ಕೇಳಿದವರೇ ಉಪಪ್ರಶ್ನೆಯನ್ನೂ ಕೇಳಬಹುದೆಂದು 1909ರ ಸುಧಾರಣೆ ಒಪ್ಪಿತು. ಯಾವ ಸದಸ್ಯನಾದರೂ ಉಪಪ್ರಶ್ನೆ ಹಾಕಬಹುದೆಂಬುದು 1919ರ ಸುಧಾರಣೆಯ ನಂತರದ ಮಾತು. ಅಂದರೆ ಉಪಪ್ರಶ್ನೆಯೆಂಬ ಈ ಪುಟ್ಟ ಆಯುಧ ಪೂರ್ತಿಯಾಗಿ ಕೈಗೆ ಬರಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಲೋಕಸಭೆಯಲ್ಲಿ ಬೆಳಗಿನ ಹನ್ನೊಂದರಿಂದ ಹನ್ನೆರಡರವರೆಗಿನ ಮೊದಲ ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಸಾಕು. ಈಗಿನ ಕ್ರಮದಂತೆ ದಿನವೊಂದಕ್ಕೆ ಮೊದಲ ಬಗೆಯವು 20, ಎರಡನೆಯ ಬಗೆಯವು 230. ಇಷ್ಟೊಂದು ಪ್ರಶ್ನೆಗಳಲ್ಲಿ ಸಚಿವಾಲಯಗಳು ನಿಜಕ್ಕೂ ಅಂಜುವುದು ಚುಕ್ಕೆಯಿರುವ ಆ ಇಪ್ಪತ್ತಕ್ಕೆ. ಮೂಲ ಪ್ರಶ್ನೆಗೆ ಉತ್ತರವನ್ನು ಅಧಿಕಾರಿಗಳು ಮೊದಲೇ ಬರೆದುಕೊಡಬಲ್ಲರು. ಆದರೆ ಅದರ ಬೆನ್ನಿಗೇ ಬರುವ ಉಪಪ್ರಶ್ನೆ ಯಾವ ದಿಕ್ಕಿನಿಂದ ಬರುತ್ತದೆಂದು ಹೇಳಲಾಗದು. ಆದ್ದರಿಂದಲೇ ಸಂಭವನೀಯ ಉಪಪ್ರಶ್ನೆಗಳಿಗೆಂದು ದಪ್ಪನೆಯ ಟಿಪ್ಪಣಿಯೊಂದನ್ನು ಸಿದ್ಧಪಡಿಸಿ ಸಚಿವರ ಕೈಗಿಡುವ ಪದ್ಧತಿ ಬೆಳೆದಿದೆ. ಸಚಿವರಿಗೆ ವಿಷಯ ಗೊತ್ತಿದೆಯೇ, ಇಲ್ಲಾ ಬರೆದುಕೊಟ್ಟದ್ದನ್ನು ಓದುತ್ತಿದ್ದಾರೆಯೇ ಎಂಬುದು ಎರಡನೆಯ ಉಪಪ್ರಶ್ನೆಯ ಹೊತ್ತಿಗೆ ಬಯಲಾಗುತ್ತದೆ.

ರಕ್ಷಣೆಯ ವಿಷಯದಲ್ಲಿ ಮಾತ್ರ ಈ ಹಕ್ಕಿಗೆ ಒಂದು ಬೇಲಿ ಉಂಟು. ಸ್ವಭಾವತಃ ಗುಪ್ತವಾದ ಸಂಗತಿಗಳ ಬಗ್ಗೆ ಪ್ರಶ್ನೆ ಕೇಳುವಂತಿಲ್ಲವೆಂದು ಸದನದ ನಿಯಮಗಳೇ ಹೇಳುತ್ತವೆ. ಯಾವ ಕಣಿವೆಯಲ್ಲಿ ಎಷ್ಟು ತುಕಡಿಗಳಿವೆ ಎಂಬುದನ್ನು ಸದನದಲ್ಲಿ ಸಾರಿದರೆ ಅದು ಶತ್ರುವಿನ ಕಿವಿಗೂ ಬೀಳುತ್ತದೆ. ಈ ಬೇಲಿ ಬೇಕೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಬೇಲಿ ಹೊಲವನ್ನು ಕಾಯುತ್ತಿದೆಯೇ, ಹೊಲವನ್ನೇ ಮೇಯುತ್ತಿದೆಯೇ ಎಂಬುದೇ ತಕರಾರು.

ಜೀಪಿನಿಂದ ಆರಂಭ

ಈ ತಕರಾರು 1959ಕ್ಕಿಂತ ಮೊದಲೇ ತಲೆದೋರಿತ್ತು. ಕಾಶ್ಮೀರದ ಕದನ ನಡೆಯುತ್ತಿದ್ದ 1948ರಲ್ಲಿ ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದವರು ವಿ. ಕೆ. ಕೃಷ್ಣ ಮೆನನ್. ಸೇನೆಗೆಂದು 2000 ಜೀಪುಗಳ ಖರೀದಿಗೆ ಅಲ್ಲಿ ಒಪ್ಪಂದವಾಯಿತು. ಭಾರತಕ್ಕೆ ಬಂದಿಳಿದದ್ದು 155. ಅವೂ ಸೇನೆಯ ಉಪಯೋಗಕ್ಕೆ ಬಾರದವೆಂದು ತಿಳಿಯಿತು. ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು, ಲೆಕ್ಕಪತ್ರ ಸಮಿತಿ ಆಕ್ಷೇಪಿಸಿತು. ಕೊನೆಗೆ 1955ರ ಸೆಪ್ಟೆಂಬರ್ 30ರಂದು ಗೃಹ ಸಚಿವ ಗೋವಿಂದ ವಲ್ಲಭ ಪಂತ್, ಸರ್ಕಾರದ ಮಟ್ಟಿಗೆ ಈ ಪ್ರಕರಣ ಮುಗಿದ ಅಧ್ಯಾಯ ಎಂದು ಘೋಷಿಸಿದರು. ಮರುವರ್ಷ ಫೆಬ್ರವರಿಯಲ್ಲಿ ಮೆನನ್ ಖಾತೆಯಿಲ್ಲದ ಸಚಿವರಾಗಿ ಸಂಪುಟ ಸೇರಿದರು. 1957ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವರಾದರು.

ಮೆನನ್ ಸಾಮಾನ್ಯ ರಾಜಕಾರಣಿಯಲ್ಲ. ತೀಕ್ಷ್ಣ ಬುದ್ಧಿ, ಅದಕ್ಕಿಂತ ತೀಕ್ಷ್ಣವಾದ ನಾಲಗೆ. ಯುದ್ಧ ಸಾಮಗ್ರಿಗಳನ್ನು ದೇಶದಲ್ಲೇ ತಯಾರಿಸಬೇಕೆಂಬ ಹಟ ಅವರದು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮಾರ್ಗದರ್ಶನದಲ್ಲಿ ಬೆಂಗಳೂರಿನ ಎಚ್.ಎ.ಎಲ್. ರೂಪಿಸಿದ ಮಾರುತ್ ಯುದ್ಧವಿಮಾನ 1961ರಲ್ಲಿ ಮೊದಲ ಬಾರಿ ಹಾರಿದ್ದು ಅವರ ಕಾಲದಲ್ಲೇ. ಅದೇ ವೇಳೆಗೆ ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ಕಾಫಿ ಸೋಸುವ ಯಂತ್ರಗಳು ತಯಾರಾಗುತ್ತಿವೆ ಎಂಬ ಗೇಲಿಗೂ ಅವರು ಗುರಿಯಾದರು. ಮೆನನ್ ಅವರ ನಿಜವಾದ ಬಲವಿದ್ದುದು ಖಾತೆಯಲ್ಲಿ ಅಲ್ಲ, ನೆಹರೂ ಅವರ ವಿಶ್ವಾಸದಲ್ಲಿ. ವಿದೇಶಾಂಗ ನೀತಿಯಲ್ಲೂ ಪ್ರಧಾನಿಗೆ ಅವರ ಸಲಹೆ ಬೇಕಿತ್ತು. ಸಚಿವ ಮತ್ತು ಸಲಹೆಗಾರ ಎಂಬ ಎರಡು ಪಾತ್ರಗಳು ಒಬ್ಬರಲ್ಲೇ ಕೂಡಿಕೊಂಡಿದ್ದವು.

ಮೊದಲ ಪ್ರಶ್ನೆ: ಆಪ್ತ ಸಹಾಯಕ

ಎಂ. ಒ. ಮಥಾಯ್ 1946ರಿಂದ ನೆಹರೂ ಅವರ ಬಳಿ ಇದ್ದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಅಮೆರಿಕನ್ ರೆಡ್‌ಕ್ರಾಸ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಈ ಕೇರಳೀಯ, ಮುಂದೆ ಪ್ರಧಾನಿಯ ವಿಶೇಷ ಸಹಾಯಕರಾದರು. ಪ್ರಧಾನಿಗೆ ಹೋಗುವ ಕಾಗದಗಳು ಅವರ ಮೇಜನ್ನು ಹಾದು ಹೋಗುತ್ತಿದ್ದವು. ಪ್ರಧಾನಿಯನ್ನು ಕಾಣಬೇಕೆನ್ನುವ ಸಚಿವರೂ ಅವರ ಮುಖ ನೋಡಬೇಕಾಗಿತ್ತು. ಸಂವಿಧಾನದಲ್ಲಿ ಇಂಥ ಹುದ್ದೆಯ ಪ್ರಸ್ತಾಪವಿಲ್ಲ. ಆದರೂ ದೆಹಲಿಯಲ್ಲಿ ಅದರ ತೂಕ ಎಲ್ಲರಿಗೂ ಗೊತ್ತಿತ್ತು.

ಮಥಾಯ್ ತಮ್ಮ ಸ್ಥಾನವನ್ನು ಬಳಸಿಕೊಂಡು ಆಸ್ತಿ ಮಾಡಿದ್ದಾರೆ, ತಾಯಿಯ ಹೆಸರಿನಲ್ಲಿ ಧರ್ಮದತ್ತಿಯೊಂದನ್ನು ಸ್ಥಾಪಿಸಿದ್ದಾರೆ ಎಂಬ ಆರೋಪಗಳನ್ನು 1959ರ ಆರಂಭದಲ್ಲಿ ಕಮ್ಯುನಿಸ್ಟರು ಮುಂದಿಟ್ಟರು. ಜನವರಿಯಲ್ಲಿ ಮಥಾಯ್ ರಾಜೀನಾಮೆ ಕೊಟ್ಟರು. ಮುಂದಿನ ತಿಂಗಳು ಸಂಸತ್ತು ಸೇರಿದಾಗ ಪ್ರಶ್ನೆಗಳ ಸುರಿಮಳೆಯಾಯಿತು. ಸದಸ್ಯರು ಕೇಳಿದ್ದು ಒಬ್ಬ ವ್ಯಕ್ತಿಯ ಹಣಕಾಸಿನ ಲೆಕ್ಕವನ್ನು ಮಾತ್ರವಲ್ಲ. ಚುನಾಯಿತನಲ್ಲದ, ಸದನಕ್ಕೆ ಕಾಲಿಡದ ಒಬ್ಬಾತನಿಗೆ ಇಷ್ಟು ಪ್ರಭಾವ ಹೇಗೆ ಬಂತು, ಅವನ ನಡತೆಗೆ ಹೊಣೆ ಯಾರು ಎಂಬುದು ಅವರ ಮೂಲ ಪ್ರಶ್ನೆ.

ನೆಹರೂ ತಮ್ಮ ಸಹಾಯಕನನ್ನು ಕೈಬಿಡಲಿಲ್ಲ. ಅವರ ಪ್ರಾಮಾಣಿಕತೆಯಲ್ಲಿ ತಮಗೆ ವಿಶ್ವಾಸವಿದೆ ಎಂಬ ಧಾಟಿಯಲ್ಲೇ ಮಾತನಾಡಿದರು. ವಿಚಾರಣೆಯನ್ನು ಸಂಪುಟ ಕಾರ್ಯದರ್ಶಿ ವಿಷ್ಣು ಸಹಾಯ್ ಅವರಿಗೆ ಒಪ್ಪಿಸಿದರು. ಪ್ರಧಾನಿಯ ಕೈಕೆಳಗಿನ ಅಧಿಕಾರಿಯೇ ಪ್ರಧಾನಿಯ ಬಲಗೈಯಂತಿದ್ದವನನ್ನು ವಿಚಾರಿಸಿದ್ದರಿಂದ ಟೀಕಾಕಾರರಿಗೆ ಸಮಾಧಾನವಾಗಲಿಲ್ಲ. ಮಥಾಯ್ ಮತ್ತೆ ಆ ಹುದ್ದೆಗೆ ಬರಲಿಲ್ಲವೆಂಬುದು ನಿಜ. ಆದರೆ ಸಲಹೆಗಾರರ ಹೊಣೆಯ ಬಗ್ಗೆ ಒಂದು ನಿಯಮ ಅಥವಾ ಸಂಪ್ರದಾಯ ಹುಟ್ಟಬಹುದಾಗಿದ್ದ ಸಂದರ್ಭ ವ್ಯಕ್ತಿಯೊಬ್ಬರ ನಿರ್ಗಮನದೊಂದಿಗೆ ಮುಗಿದುಹೋಯಿತು.

ಎರಡನೆಯ ಪ್ರಶ್ನೆ: ರಸ್ತೆ

ಆಗಸ್ಟ್ ತಿಂಗಳಲ್ಲಿ ಗಡಿಯ ಸುದ್ದಿ ಬಂತು. ಈಶಾನ್ಯ ಗಡಿಯ ಲಾಂಗ್‌ಜು ಎಂಬಲ್ಲಿ 25ರಂದು ಭಾರತ ಮತ್ತು ಚೀನಾದ ಸಿಬ್ಬಂದಿಯ ನಡುವೆ ಗುಂಡು ಹಾರಿತು. ಮೂರು ದಿನಗಳ ನಂತರ, ಆಗಸ್ಟ್ 28ರಂದು, ಲಡಾಖಿನ ಅಕ್ಸಾಯ್ ಚಿನ್ ಪ್ರದೇಶದ ಮೂಲಕ ಚೀನಾ ರಸ್ತೆ ಹಾಕಿರುವ ಸಂಗತಿಯನ್ನು ನೆಹರೂ ಲೋಕಸಭೆಗೆ ತಿಳಿಸಿದರು.

ಸದಸ್ಯರನ್ನು ಬೆಚ್ಚಿಬೀಳಿಸಿದ್ದು ರಸ್ತೆಗಿಂತ ಅದರ ವಯಸ್ಸು. ಸಿಂಕಿಯಾಂಗ್ ಮತ್ತು ಟಿಬೆಟನ್ನು ಜೋಡಿಸುವ ಆ ರಸ್ತೆ ಪೂರ್ಣಗೊಂಡಿತೆಂದು ಚೀನಾ 1957ರಲ್ಲೇ ಪ್ರಕಟಿಸಿತ್ತು. ಭಾರತ ಸರ್ಕಾರ ಅದರ ಬಗ್ಗೆ 1958ರ ಅಕ್ಟೋಬರ್‌ನಲ್ಲಿ ಚೀನಾಕ್ಕೆ ಪ್ರತಿಭಟನೆಯ ಪತ್ರ ಬರೆದಿತ್ತು. ಅಂದರೆ ಬೀಜಿಂಗಿಗೆ ಹೇಳಿದ ಮಾತು ದೆಹಲಿಯ ಸದನಕ್ಕೆ ತಲುಪಲು ಸುಮಾರು ಹತ್ತು ತಿಂಗಳು ಬೇಕಾಯಿತು. ಮಾತುಕತೆಯಿಂದ ಬಗೆಹರಿಯಬಹುದಾದ ವಿಷಯವನ್ನು ಬೀದಿಗೆ ತಂದು ಜನರನ್ನು ಕೆರಳಿಸಬಾರದೆಂಬುದು ನೆಹರೂ ಅವರ ಎಣಿಕೆ. ಅದರಲ್ಲಿ ಕಪಟವಿರಲಿಲ್ಲ. ಆದರೆ ಸತ್ಯ ತಡವಾಗಿ ಹೊರಬಂದಾಗ ಜನ ಕೆರಳುವುದು ಇಮ್ಮಡಿಯಾಗುತ್ತದೆ. ಸೆಪ್ಟೆಂಬರ್ 7ರಂದು ಸರ್ಕಾರ ಚೀನಾದೊಂದಿಗಿನ ಪತ್ರವ್ಯವಹಾರದ ಶ್ವೇತಪತ್ರವನ್ನು ಹೊರತಂದಿತು. ಅದನ್ನು ಓದಿದ ಮೇಲೆ ಸಂಧಾನಕ್ಕೆ ಬೇಕಾದ ಕೊಡು-ಕೊಳ್ಳುವ ಸ್ವಾತಂತ್ರ್ಯ ಪ್ರಧಾನಿಗೆ ಉಳಿಯಲಿಲ್ಲ. ಮೊದಲೇ ಸದನವನ್ನು ವಿಶ್ವಾಸಕ್ಕೆ ತೆಗೆದುಕೊಂಡಿದ್ದರೆ ಸಿಗಬಹುದಾಗಿದ್ದ ತಾಳ್ಮೆ ಆ ಹೊತ್ತಿಗೆ ಬತ್ತಿಹೋಗಿತ್ತು. ಅಕ್ಟೋಬರ್ 21ರಂದು ಲಡಾಖಿನ ಕೊಂಗ್ಕಾ ಕಣಿವೆಯ ಬಳಿ ಭಾರತೀಯ ಪೊಲೀಸರು ಚೀನೀಯರ ಗುಂಡಿಗೆ ಬಲಿಯಾದರು. ದೇಶದ ಪೊಲೀಸರು ಇಂದಿಗೂ ಆ ದಿನವನ್ನು ಹುತಾತ್ಮರ ದಿನವಾಗಿ ಆಚರಿಸುತ್ತಾರೆ.

ಹುಲ್ಲುಕಡ್ಡಿಯೂ ಬೆಳೆಯದ ಪ್ರದೇಶವದು ಎಂಬರ್ಥದ ನೆಹರೂ ಅವರ ಮಾತು, ಅದಕ್ಕೆ ಕಾಂಗ್ರೆಸ್ಸಿನವರೇ ಆದ ಮಹಾವೀರ್ ತ್ಯಾಗಿ ತಮ್ಮ ಬೋಳುತಲೆಯನ್ನು ತೋರಿಸಿ, ಇಲ್ಲೂ ಏನೂ ಬೆಳೆಯುವುದಿಲ್ಲ, ಹಾಗೆಂದು ಇದನ್ನೂ ಕೊಟ್ಟುಬಿಡೋಣವೇ ಎಂಬರ್ಥದಲ್ಲಿ ಕೇಳಿದ್ದು ಸಂಸತ್ತಿನ ದಂತಕತೆಗಳಲ್ಲಿ ಸೇರಿದೆ. ತ್ಯಾಗಿ ಹಿಂದೆ ರಕ್ಷಣಾ ಸಂಘಟನೆಯ ಸಚಿವರಾಗಿದ್ದವರು ಎಂಬುದನ್ನು ನೆನೆದರೆ ಆ ಹಾಸ್ಯದ ಹಿಂದಿನ ನೋವು ತಿಳಿಯುತ್ತದೆ.

ಮೂರನೆಯ ಪ್ರಶ್ನೆ: ಸೇನಾನಿ

ರಸ್ತೆಯ ಸುದ್ದಿ ಇನ್ನೂ ಬಿಸಿಯಾಗಿದ್ದಾಗಲೇ, ಆಗಸ್ಟ್ 31ರಂದು, ಜನರಲ್ ತಿಮ್ಮಯ್ಯ ಪ್ರಧಾನಿಗೆ ರಾಜೀನಾಮೆ ಪತ್ರ ಕಳುಹಿಸಿದರು. ಮರುದಿನ ಪತ್ರಿಕೆಗಳಲ್ಲಿ ಸುದ್ದಿ ಸ್ಫೋಟಿಸಿತು.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯ ಆ ಕಾಲದ ಅತ್ಯಂತ ಜನಪ್ರಿಯ ಸೇನಾನಿ. 1948ರ ನವೆಂಬರ್‌ನಲ್ಲಿ ಹಿಮದ ನಡುವೆ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ತಬ್ಬಿಬ್ಬುಗೊಳಿಸಿದ ಕಾರ್ಯಾಚರಣೆ ಅವರ ನಾಯಕತ್ವದ್ದು. ಕೊರಿಯಾ ಯುದ್ಧದ ನಂತರ ಯುದ್ಧಕೈದಿಗಳ ವಾಪಸಾತಿಗಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರಾಗಿದ್ದರು. 1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಮೆನನ್ ರಕ್ಷಣಾ ಸಚಿವರಾಗಿ ಒಂದು ತಿಂಗಳಾಗಿತ್ತಷ್ಟೆ.

ಇಬ್ಬರ ಸಂಬಂಧ ಬೇಗನೆ ಹಳಸಿತು. ಉನ್ನತ ಹುದ್ದೆಗಳಿಗೆ ಬಡ್ತಿ ಕೊಡುವಾಗ ಸೇನಾ ಮುಖ್ಯಸ್ಥರ ಮಾತಿಗೆ ಬೆಲೆಯಿಲ್ಲವೆಂಬುದು ಮುಖ್ಯ ದೂರು. ನೆಹರೂ ಮತ್ತು ಮೆನನ್ ಇಬ್ಬರಿಗೂ ಬೇಕಾದವರಾಗಿದ್ದ ಬಿ. ಎಂ. ಕೌಲ್ ಅವರ ಬಡ್ತಿ ಇದಕ್ಕೆ ಉದಾಹರಣೆಯಾಗಿತ್ತು. ಕೌಲ್ ಸಮವಸ್ತ್ರದಲ್ಲಿದ್ದರೂ ಅವರ ಪ್ರಭಾವ ರಾಜಕೀಯ ಸಲಹೆಗಾರನದಾಗಿತ್ತು. ಮೇಲಧಿಕಾರಿಗಳನ್ನು ಬಳಸಿ ಹೋಗದೆಯೇ ಪ್ರಧಾನಿಯ ಮನೆಯ ಬಾಗಿಲು ಅವರಿಗೆ ತೆರೆದಿತ್ತು. ಅಪಾಯ ಪಾಕಿಸ್ತಾನದ ಕಡೆಯಿಂದ ಎಂದು ಮೆನನ್ ಬಲವಾಗಿ ನಂಬಿದ್ದರು. ಚೀನಾದ ಗಡಿಗೆ ಸೇನೆ ಸಜ್ಜಾಗಿಲ್ಲವೆಂಬುದು ತಿಮ್ಮಯ್ಯನವರ ಚಿಂತೆಯಾಗಿತ್ತು.

ನೆಹರೂ ತಿಮ್ಮಯ್ಯನವರನ್ನು ಕರೆಸಿ ಮಾತನಾಡಿ ರಾಜೀನಾಮೆಯನ್ನು ಹಿಂತೆಗೆದುಕೊಳ್ಳುವಂತೆ ಒಲಿಸಿದರು. ಆದರೆ ಸದನ ಬಿಡಲಿಲ್ಲ. ಸೆಪ್ಟೆಂಬರ್ 2ರಂದು ಪ್ರಧಾನಿ ಲೋಕಸಭೆಯಲ್ಲಿ ಹೇಳಿಕೆ ನೀಡಿದರು. ಭಿನ್ನಾಭಿಪ್ರಾಯಗಳು ಸ್ವಭಾವಕ್ಕೆ ಸಂಬಂಧಿಸಿದಂಥವು, ಅಂಥ ಮಹತ್ವದವೇನಲ್ಲ ಎಂದರು. ರಾಜೀನಾಮೆ ಕೊಟ್ಟದ್ದು ಸರಿಯಾಗಲಿಲ್ಲವೆಂದರು. ಈ ದೇಶದಲ್ಲಿ ನಾಗರಿಕ ಅಧಿಕಾರವೇ ಸೇನೆಗಿಂತ ಮೇಲೆಂದು ಒತ್ತಿ ಹೇಳಿದರು. ಜನರಲ್ ಅವರ ಪತ್ರದ ಪೂರ್ಣ ಪಾಠ ಆಗ ಸದನದ ಮುಂದೆ ಬರಲಿಲ್ಲ.

ನಾಗರಿಕ ಅಧಿಕಾರ ಮೇಲೆಂಬ ತತ್ವ ಪ್ರಶ್ನಾತೀತ. ನೆರೆಯ ಪಾಕಿಸ್ತಾನದಲ್ಲಿ ಹಿಂದಿನ ವರ್ಷವಷ್ಟೇ, 1958ರಲ್ಲಿ, ಸೇನೆ ಆಡಳಿತವನ್ನು ವಶಪಡಿಸಿಕೊಂಡಿತ್ತು. ಆ ನೆರಳಿನಲ್ಲಿ ನೆಹರೂ ಆ ಮಾತನ್ನು ಆಡಲೇಬೇಕಿತ್ತು. ಆದರೆ ನಾಗರಿಕ ಅಧಿಕಾರವೆಂದರೆ ಸಚಿವರೊಬ್ಬರ ಅಧಿಕಾರ ಮಾತ್ರವಲ್ಲ. ಸಚಿವರನ್ನು ಪ್ರಶ್ನಿಸುವ ಸದನದ ಅಧಿಕಾರವೂ ಅದರಲ್ಲಿ ಸೇರಿದೆ. ಸೇನಾ ಮುಖ್ಯಸ್ಥನಿಗೆ ಸದನದಲ್ಲಿ ಬಾಯಿಲ್ಲ. ಅವನ ವೃತ್ತಿಪರ ಆತಂಕವನ್ನು ಸದನಕ್ಕೆ ಮುಟ್ಟಿಸಬೇಕಾದವರು ಸಚಿವರೇ. ಆತಂಕವೇ ಆ ಸಚಿವರ ಬಗೆಗಿನದಾದಾಗ, ಮುಟ್ಟಿಸುವ ಕರ್ತವ್ಯ ಪ್ರಧಾನಿಯದು. ಅಂದಿನ ಹೇಳಿಕೆಯಲ್ಲಿ ತತ್ವಕ್ಕೆ ಉತ್ತರ ಸಿಕ್ಕಿತು, ಆತಂಕಕ್ಕೆ ಸಿಗಲಿಲ್ಲ. ತಿಮ್ಮಯ್ಯನವರ ಮಾನವೂ ಅದರಲ್ಲಿ ಮುಕ್ಕಾಯಿತು.

ಬೆಲೆ ತೆತ್ತವರು

1961ರ ಏಪ್ರಿಲ್ 11ರಂದು ಆಚಾರ್ಯ ಕೃಪಲಾನಿ ಲೋಕಸಭೆಯಲ್ಲಿ ಮೆನನ್ ವಿರುದ್ಧ ಮಾಡಿದ ಭಾಷಣ ಆ ಸದನ ಕಂಡ ಕಟುವಾದ ಭಾಷಣಗಳಲ್ಲಿ ಒಂದು. ಸೇನೆಯಲ್ಲಿ ಗುಂಪುಗಾರಿಕೆ ಬೆಳೆಸಿದ್ದಾರೆ, ಅದರ ನೈತಿಕ ಸ್ಥೈರ್ಯ ಕುಂದಿಸಿದ್ದಾರೆ ಎಂದು ಅವರು ಆಪಾದಿಸಿದರು. ಮುಂದಿನ ತಿಂಗಳು ತಿಮ್ಮಯ್ಯ ನಿವೃತ್ತರಾದರು. 1962ರ ಚುನಾವಣೆಯಲ್ಲಿ ಉತ್ತರ ಮುಂಬಯಿಯಲ್ಲಿ ಕೃಪಲಾನಿಯವರನ್ನು ಮೆನನ್ ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮತದಾರರ ತೀರ್ಪು ಬಂದ ಮೇಲೆ ಪ್ರಶ್ನೆ ಮುಗಿಯಿತೆಂದೇ ಹಲವರು ಭಾವಿಸಿದರು.

ಸೈನಿಕನಾಗಿ ನೋಡಿದರೆ ಭಾರತ ತಾನೊಂದೇ ಚೀನಾದೊಂದಿಗೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ಊಹಿಸಲಾರೆ, ಅದನ್ನು ರಾಜಕಾರಣಿಗಳೂ ರಾಜತಂತ್ರಜ್ಞರೂ ತಪ್ಪಿಸಬೇಕು ಎಂಬರ್ಥದ ಲೇಖನವನ್ನು ತಿಮ್ಮಯ್ಯ 1962ರ ಜುಲೈನಲ್ಲಿ 'ಸೆಮಿನಾರ್' ಪತ್ರಿಕೆಗೆ ಬರೆದರು. ಹುದ್ದೆಯಲ್ಲಿದ್ದಾಗ ಸದನಕ್ಕೆ ಮುಟ್ಟದ ಮಾತು ನಿವೃತ್ತಿಯ ನಂತರ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಮೂರು ತಿಂಗಳಲ್ಲಿ, ಅಕ್ಟೋಬರ್ 20ರಂದು, ಚೀನಾದ ಸೇನೆ ನುಗ್ಗಿತು. ಈಶಾನ್ಯದ ದಂಡಿನ ನಾಯಕತ್ವ ಆಗ ಕೌಲ್ ಅವರ ಕೈಯಲ್ಲಿತ್ತು. ಎತ್ತರದ ಚಳಿಗೆ ತಕ್ಕ ಉಡುಪಿಲ್ಲದೆ, ಸಾಲದಷ್ಟು ಮದ್ದುಗುಂಡಿನೊಂದಿಗೆ ನಿಂತ ಜವಾನರು ಸದನದ ಅರ್ಧ ಉತ್ತರಗಳ ಬೆಲೆಯನ್ನು ತೆತ್ತರು.

ಅಕ್ಟೋಬರ್ 31ರಂದು ಮೆನನ್ ಅವರಿಂದ ರಕ್ಷಣಾ ಖಾತೆ ಹೋಯಿತು. ಕಾಂಗ್ರೆಸ್ ಸಂಸದರ ಒತ್ತಡಕ್ಕೆ ಮಣಿದು ನವೆಂಬರ್ 7ರಂದು ಅವರು ಸಂಪುಟವನ್ನೇ ತೊರೆದರು. ಮರುದಿನ ಸೇರಿದ ಯುದ್ಧಕಾಲದ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನು ಕೈಬಿಡಲಾಯಿತು. ಆದರೂ ಯುದ್ಧ ನಡೆಯುತ್ತಿರುವಾಗಲೇ ಸದನ ಸೇರಿ ಚರ್ಚಿಸಿತೆಂಬುದು ಆ ತಲೆಮಾರಿಗೆ ಸಲ್ಲಬೇಕಾದ ಹಿರಿಮೆ. 1963ರ ಆಗಸ್ಟ್‌ನಲ್ಲಿ, ಉಪಚುನಾವಣೆಯಲ್ಲಿ ಗೆದ್ದು ಮರಳಿದ ಕೃಪಲಾನಿ ನೆಹರೂ ಸರ್ಕಾರದ ವಿರುದ್ಧ ಲೋಕಸಭೆಯ ಮೊದಲ ಅವಿಶ್ವಾಸ ನಿರ್ಣಯ ಮಂಡಿಸಿದರು. ಅದು 62ಕ್ಕೆ 347 ಮತಗಳಿಂದ ಬಿದ್ದಿತು.

ಇನ್ನೂ ತೆರೆಯದ ಕಡತ

ಸೋಲಿನ ಕಾರಣಗಳನ್ನು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ ವಿಚಾರಿಸಿದರು. ಅವರ ವರದಿಯ ಬಗ್ಗೆ ಹೊಸ ರಕ್ಷಣಾ ಸಚಿವ ವೈ. ಬಿ. ಚವಾಣ್ ಲೋಕಸಭೆಗೆ ಹೇಳಿಕೆ ನೀಡಿದ್ದು 1963ರ ಸೆಪ್ಟೆಂಬರ್ 2ರಂದು. ತಿಮ್ಮಯ್ಯನವರ ಬಗ್ಗೆ ನೆಹರೂ ಮಾತನಾಡಿದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ. ತರಬೇತಿ, ಸಲಕರಣೆ, ನಾಯಕತ್ವದಲ್ಲಿ ಕೊರತೆಗಳಿದ್ದುದನ್ನು ಚವಾಣ್ ಒಪ್ಪಿಕೊಂಡರು. ವರದಿಯನ್ನು ಮಾತ್ರ ಮಂಡಿಸಲಿಲ್ಲ. ಅದರ ವಿಷಯ ಇಂದಿಗೂ ಸೂಕ್ಷ್ಮವಾದುದೆಂದು 2010ರಲ್ಲಿ ಎ. ಕೆ. ಆಂಟನಿ ಲಿಖಿತ ಉತ್ತರದಲ್ಲಿ ತಿಳಿಸಿದರು. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ವರದಿಯ ಒಂದು ಭಾಗವನ್ನು ತಾವಾಗಿಯೇ ಬಹಿರಂಗಪಡಿಸಿದ ಮೇಲೂ, ಅದನ್ನು ಪ್ರಕಟಿಸುವುದು ರಾಷ್ಟ್ರಹಿತವಲ್ಲವೆಂದು ಅದೇ ವರ್ಷ ರಕ್ಷಣಾ ಸಚಿವ ಅರುಣ್ ಜೇಟ್ಲಿ ರಾಜ್ಯಸಭೆಗೆ ಹೇಳಿದರು. ಸರ್ಕಾರಗಳು ಬದಲಾದವು, ಉತ್ತರ ಬದಲಾಗಲಿಲ್ಲ.

ಬೇರೆ ದಾರಿಯಿಲ್ಲವೆಂದಲ್ಲ. 1999ರ ಕಾರ್ಗಿಲ್ ಕದನದ ನಂತರ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಸಮಿತಿಯ ವರದಿಯನ್ನು, ಗುಪ್ತವೆನಿಸಿದ ಭಾಗಗಳನ್ನು ತೆಗೆದು, 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಡಲಾಯಿತು. ಅದರಿಂದ ಗಡಿ ಕುಸಿಯಲಿಲ್ಲ. ರಕ್ಷಣಾ ವ್ಯವಸ್ಥೆಯ ಸುಧಾರಣೆಗೆ ದಾರಿಯಾಯಿತು. ನೆಹರೂ ಕಾಲದಲ್ಲಿ ಇಲ್ಲದಿದ್ದ ರಕ್ಷಣಾ ಸ್ಥಾಯಿ ಸಮಿತಿ 1993ರಿಂದ ಇದೆ. ಸಚಿವಾಲಯದ ಅಧಿಕಾರಿಗಳನ್ನು ಮುಚ್ಚಿದ ಬಾಗಿಲ ಹಿಂದೆ ಕರೆದು ಕೇಳಲು ಸಂಸದರಿಗೆ ಅಲ್ಲಿ ಅವಕಾಶವುಂಟು. ಸಲಹೆಗಾರರ ಪ್ರಶ್ನೆ ಮಾತ್ರ ಮಥಾಯ್ ಕಾಲದಲ್ಲಿ ನಿಂತಲ್ಲೇ ನಿಂತಿದೆ. 1998ರಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರ ಹುದ್ದೆ ಸೃಷ್ಟಿಯಾಯಿತು. 2019ರಲ್ಲಿ ಆ ಹುದ್ದೆಯಲ್ಲಿದ್ದವರಿಗೆ ಸಂಪುಟ ದರ್ಜೆಯೂ ದೊರೆಯಿತು. ಸಂಪುಟ ದರ್ಜೆ ಸಿಕ್ಕಿದರೂ ಸದನದಲ್ಲಿ ಎದ್ದು ಉತ್ತರಿಸುವ ಹೊಣೆ ಅವರಿಗಿಲ್ಲ. ಅದು ಪ್ರಧಾನಿಯದೇ.

ಜನರಲ್ ತಿಮ್ಮಯ್ಯ 1965ರ ಡಿಸೆಂಬರ್ 18ರಂದು, ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ, ಸೈಪ್ರಸ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ಬೆಂಗಳೂರಿನಲ್ಲಿದೆ. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ 'ಸನ್ನಿ ಸೈಡ್' ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಕೊಡಗಿಗೆ ಹೋದವರು ಅಲ್ಲಿ ಅವರ ಸಾಹಸದ ಚಿತ್ರಗಳನ್ನು ನೋಡಿ ಬರುತ್ತಾರೆ. ಅವರ ರಾಜೀನಾಮೆಯ ಪ್ರಸಂಗವನ್ನೂ ಅದರೊಂದಿಗೆ ನೆನೆಯುವುದು ಒಳ್ಳೆಯದು. ಗಡಿಯನ್ನು ಕಾಯುವುದು ಸೈನಿಕನ ಕೆಲಸ. ಅವನ ಕೈಗೆ ಏನು ಕೊಟ್ಟಿದ್ದೇವೆಂದು ಕೇಳುವುದು ಸದನದ ಕೆಲಸ. ಆ ಪ್ರಶ್ನೆಗೆ ಸಕಾಲದಲ್ಲಿ ನೇರ ಉತ್ತರ ಸಿಕ್ಕರೆ, ಸೈನಿಕ ರಾಜೀನಾಮೆ ಪತ್ರ ಬರೆಯಬೇಕಾದ ಪ್ರಸಂಗವೇ ಬರುವುದಿಲ್ಲ.